ಎರಡನೇ ಗೇರಿನ ಮನುಷ್ಯ
ಕಂತು ಒಂಬತ್ತು

"ಇದು ವಿಲ್ಹೊನ ಕಾಲಲ್ಲ," ಎಂದ ಆರ್ನೆ.

ಅವನ ಕೈಯಲ್ಲಿ ಇದ್ದದ್ದು ಒಂದು ಕ್ಲಚ್ ಪ್ಲೇಟು. ಊಟದ ತಟ್ಟೆಗಿಂತ ತುಸು ಚಿಕ್ಕದು, ನಡುವೆ ತೂತು, ಎರಡೂ ಬದಿಗೆ ಕಂದುಬಣ್ಣದ ಪಟ್ಟಿ. ಅದನ್ನವನು ಕಿಟಕಿಯ ಬೆಳಕಿಗೆ ಹಿಡಿದು, ಅಕ್ಕಸಾಲಿಗ ಬಳೆ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

ರೌನಿ ಕೊರ್ಪೆಲಾ ಕೈಗವಸು ತೆಗೆಯದೆ ನಿಂತಿದ್ದಳು. ಗ್ಯಾರೇಜಿನಲ್ಲಿ ಒಲೆ ಉರಿಯುತ್ತಿತ್ತು, ನಿಜ. ಆದರೆ ಅದರ ಶಾಖ ಒಲೆಗೆ ಒರಗಿ ಮಲಗಿದ್ದ ನಾಯಿಯನ್ನು ದಾಟಿ ಈಚೆ ಬರುತ್ತಿರಲಿಲ್ಲ.

"ನಾನು ನೋಡು ಅಂದಿದ್ದು ಬ್ರೇಕು, ಸ್ಟೀರಿಂಗು," ಎಂದಳು. "ಕ್ಲಚ್ಚು ಬಿಚ್ಚು ಅಂತ ಯಾರಂದ್ರು?"

"ಬ್ರೇಕು ಸರಿಯಾಗಿದೆ. ಸ್ಟೀರಿಂಗೂ ಸರಿಯಾಗಿದೆ. ಬರ್ಕೊಳಮ್ಮ ಪೊಲೀಸಮ್ಮ. ಇದು ಅಭ್ಯಾಸ. ವಿಲ್ಹೊನ ಕಾರು ಒಳಗೆ ಬಂತು ಅಂದ್ರೆ ನನ್ನ ಕೈ ತಾನಾಗೇ ಗೇರ್‌ಬಾಕ್ಸ್ ಬೋಲ್ಟಿಗೆ ಹೋಗುತ್ತೆ."

ಕಳೆದ ಮಂಗಳವಾರ ಕೆರೆ ಕಿರಿದಾಗುವ ಹೌಕಿಸಲ್ಮಿ ಎಂಬ ಇಕ್ಕಟ್ಟಿನಲ್ಲಿ ಮಂಜುಗಡ್ಡೆ ಒಡೆದು ಮುಳುಗಿದ ಆ ಕಾರನ್ನು, ಚಾಲಕನ ಸೀಟಿನಲ್ಲೇ ಕೂತಿದ್ದ ಎಪ್ಪತ್ತಾರು ವರ್ಷದ ವಿಲ್ಹೊ ತೊಸ್ಸವಾಯ್ನೆನ್ ಸಮೇತ, ಗುರುವಾರ ಮೇಲೆತ್ತಿದ್ದರು.

ವಿಲ್ಹೊ ಮೂವತ್ತನಾಲ್ಕು ವರ್ಷ ಹಾಲಿನ ಲಾರಿ ಓಡಿಸಿದವರು. ಆ ಲಾರಿಯ ಒಂದನೇ ಗೇರು ತುಂಬಿದ ಟ್ಯಾಂಕಿನೊಂದಿಗೆ ಗುಡ್ಡ ಏರುವುದಕ್ಕೆ ಮಾತ್ರ. ಬೇರೆ ಹೊತ್ತು ಹಾಕಿದರೆ ಆಮೆ ನಡಿಗೆ. ಹಾಗಾಗಿ ಹಾಲಿನ ಲಾರಿಯವರೆಲ್ಲ ಹೊರಡುವುದೇ ಎರಡನೇ ಗೇರಿನಲ್ಲಿ. ಉಳಿದವರು ಲಾರಿ ಇಳಿದ ಮೇಲೆ ಆ ಚಟವನ್ನೂ ಇಳಿಸಿ ಬರುತ್ತಿದ್ದರು. ವಿಲ್ಹೊ ಮಾತ್ರ ಅದನ್ನು ತಮ್ಮ ಕಾರಿಗೂ ತಂದರು. ಒಂದನೇ ಗೇರು ಅವರ ಪಾಲಿಗೆ ಮನೆಯ ಅತಿಥಿಕೋಣೆಯಿದ್ದಂತೆ. ಇದೆ ಅಂತ ಗೊತ್ತು, ಒಳಗೆ ಹೋಗುವ ಪ್ರಮೇಯ ಬಂದಿಲ್ಲ.

ಮಂಜಿನ ಮೇಲೆ ಎಲ್ಲರೂ ಎರಡರಲ್ಲೇ ಹೊರಡುತ್ತಾರೆ. ಒಂದು ಹಾಕಿದರೆ ಚಕ್ರ ನಿಂತಲ್ಲೇ ಸುತ್ತಿ ಗುಂಡಿ ತೋಡುತ್ತದೆ. ಜಾರುವ ನೆಲದಲ್ಲಿ ಕ್ಲಚ್ಚಿಗೂ ಅಷ್ಟೇನೂ ನೋವಾಗುವುದಿಲ್ಲ. ವಿಲ್ಹೊ ಜುಲೈ ತಿಂಗಳ ಕಾದ ಡಾಂಬರಿನ ಮೇಲೂ ಎರಡರಲ್ಲೇ ಹೊರಡುತ್ತಿದ್ದರು. ಇಂಜಿನ್ನು ನರಳುತ್ತಿತ್ತು, ಅರ್ಧ ಒತ್ತಿದ ಕ್ಲಚ್ಚು ಉಜ್ಜಿ ಉಜ್ಜಿ ಸುಟ್ಟ ವಾಸನೆ ಬರುತ್ತಿತ್ತು. ಕೋಆಪರೇಟಿವ್ ಅಂಗಡಿಯ ಒಳಗಿದ್ದವರು ಹೊರಗೆ ನೋಡದೆಯೇ "ವಿಲ್ಹೊ ಹೊರಟರು" ಎನ್ನುತ್ತಿದ್ದರು.

"ಎಂಟು ವರ್ಷಕ್ಕೆ ನಾಕು ಕ್ಲಚ್ಚು ಹಾಕಿದೀನಿ," ಎಂದ ಆರ್ನೆ. "ಪ್ರತಿ ಸಲಾನೂ ಪಟ್ಟಿ ಸವೆದು ರಿವೆಟ್ ಹೊರಗೆ ಬಂದಿರೋದು. 'ಒಂದನೇ ಗೇರನ್ನ ಸುಮ್ನೆ ಇಟ್ಕೊಂಡಿದೀಯಲ್ಲೋ ಮಾರಾಯ, ಯಾರಿಗಾದ್ರೂ ಕೊಡು' ಅಂತ ಬೈದಿದ್ದೆ. 'ನಿನ್ನ ಮಕ್ಕಳ ಶಾಲೆ ಫೀಸು ನಾನೇ ಕಣೋ, ಸುಮ್ನಿರು' ಅಂದಿದ್ದ."

ಇಬ್ಬರೂ ನಗಬೇಕಾಗಿದ್ದ ಜಾಗ ಅದು. ನಾಯಿ ಮಗ್ಗುಲು ಬದಲಿಸಿತು.

"ಇದು ಯಾವತ್ತು ಹಾಕಿದ್ದು?"

"ನವೆಂಬರ್ ಮೂರನೇ ವಾರ. ಬಾಗಿಲಿನ ಒಳಗೆ ಚೀಟಿ ಅಂಟಿಸಿದೀನಿ, ಕಿಲೋಮೀಟರ್ ಸಮೇತ. ಅಲ್ಲಿಂದ ಎರಡು ಸಾವಿರದ ಚಿಲ್ಲರೆ ಓಡಿದೆ." ಆರ್ನೆ ಪ್ಲೇಟನ್ನು ಅವಳ ಮುಂದೆ ಹಿಡಿದ. "ವಿಲ್ಹೊನ ಕಾಲಿಗೆ ಎರಡು ಸಾವಿರ ಅಂದ್ರೆ ಇದು ಅರ್ಧ ಆಗಿರ್ಬೇಕು. ಇಲ್ನೋಡು, ಕಂಪನಿಯವರು ಅಚ್ಚು ಹಾಕಿದ ನಂಬರ್ ಕೂಡ ಅಳಿಸಿಲ್ಲ."

ಒದ್ದೆಯಾಗಿದ್ದರೂ ಬಿಳಿ ಅಂಕಿಗಳು ಸ್ಪಷ್ಟವಾಗಿದ್ದವು.

"ಪ್ಲೇಟು ಒತ್ತಿಕೊಳ್ಳೋ ಚಕ್ರದ ಮೇಲೆ ಏನಾದ್ರೂ?"

"ಕೆರೆ ನೀರಿನ ತುಕ್ಕು ಇದೆ. ಸುಟ್ಟ ನೀಲಿ ಕಲೆ ಒಂದೂ ಇಲ್ಲ. ಅವರ ಮನೆ ಅಂಗಳದಿಂದ ರಸ್ತೆಗೆ ಏರು ಇದೆಯಲ್ಲ, ಮರಳು ಹಾಕಿರ್ತಾರೆ, ಚಕ್ರ ಜಾರಲ್ಲ. ಅಲ್ಲಿ ಎರಡರಲ್ಲಿ ಒಂದೇ ಒಂದು ಸಲ ಹತ್ತಿಸಿದ್ರೂ ಸಾಕು, ಕಲೆ ಬೀಳುತ್ತೆ."

"ಅಂದ್ರೆ ನವೆಂಬರಿಂದ ವಿಲ್ಹೊ ಈ ಕಾರು ಓಡಿಸಿಲ್ಲ."

"ಅದನ್ನ ನೀನು ಹೇಳ್ಬೇಕು. ನಾನು ಮೆಕ್ಯಾನಿಕ್ಕು." ಅವನು ಪ್ಲೇಟನ್ನು ಬೆಂಚಿನ ಮೇಲಿಟ್ಟು, ಅದರ ಅಂಚನ್ನು ಹೆಬ್ಬೆರಳಿಂದ ಸವರಿದ. "ಯಾರೋ ಒಂದರಲ್ಲಿ ಹೊರಟಿದಾರೆ. ಆತುರ ಇಲ್ಲ. ಪೆಡಲ್ ಮೇಲೆ ಸುಮ್ನೆ ಪಾದ ಊರಿ ಕೂರೋ ಚಟಾನೂ ಇಲ್ಲ. ಇಷ್ಟು ಮೆತ್ತನೆ ಕಾಲು ಈ ಊರಿನ ಗಂಡಸರಲ್ಲಿ ನಾನು ಕಂಡಿಲ್ಲ."

ಗೋಡೆಯ ಫೋನು ಹೊಡೆದುಕೊಂಡಿತು. ಜಿಲ್ಲಾ ಕಚೇರಿಯಿಂದ ವಾಲ್ತಾನೆನ್ ಸಾಹೇಬರು. ರೌನಿ ಎಲ್ಲಿದ್ದರೂ ಅಲ್ಲಿನ ಫೋನಿಗೇ ಮಾಡುವ ವಿದ್ಯೆ ಅವರಿಗೆ ಸಿದ್ಧಿಸಿತ್ತು.

"ಬ್ರೇಕು?"

"ಸರಿಯಾಗಿದೆ ಸಾರ್."

"ನಾನು ಹೇಳ್ಲಿಲ್ವಾ? ಮುಗಿಸಿಬಿಡಮ್ಮ. ಸ್ವಂತ ಇಚ್ಛೆಯಿಂದ ಅಂತ ಬರಿ. ಶುಕ್ರವಾರ ನನ್ನ ಮೇಜಿನ ಮೇಲಿರ್ಲಿ, ಶನಿವಾರ ಮಣ್ಣು ಮಾಡ್ತಾರಂತಲ್ಲ."

"ಪಕ್ಕದ ಸೀಟಿನ ಕಿಟಕಿ ಪೂರ್ತಿ ಇಳಿಸಿತ್ತು ಸಾರ್."

"ನೀರಿಗಿಳಿದೋರು ಇಳಿಸಿರ್ತಾರೆ."

"ಇಳಿಸಿಲ್ಲ ಅಂತಾರೆ. ಅವರು ಬಾಗಿಲನ್ನೇ ಮುಟ್ಟಿಲ್ಲ, ಹಿಂದಿನಿಂದ ಸರಪಳಿ ಹಾಕಿದ್ದು."

"ಆ ಚಳೀಲಿ ಅವರಿಗೆ ಅವರ ಹೆಸರೇ ನೆನಪಿರಲ್ಲ. ನೋಡು ರೌನಿ. ಅವನ ಕಡೆ ಕಿಟಕಿ ಮುಚ್ಚಿತ್ತು. ಬೆಲ್ಟು ಕಟ್ಟಿತ್ತು. ನಿನಗೆ ಬಿಡಿಸಿ ಹೇಳ್ಬೇಕಾ?"

ಬೇಕಿರಲಿಲ್ಲ. ಮಂಜುಗಡ್ಡೆಯ ಮೇಲೆ ಕಾರು ಇಳಿಸುವ ಮೊದಲು ಬೆಲ್ಟು ಬಿಚ್ಚಬೇಕು, ಕಿಟಕಿ ಇಳಿಸಬೇಕು. ಆ ಊರಿನಲ್ಲಿ ಮಕ್ಕಳಿಗೆ ಪ್ರಾರ್ಥನೆ ಕಲಿಸುವ ಮೊದಲೇ ಇದನ್ನು ಕಲಿಸುತ್ತಾರೆ. ಗಡ್ಡೆ ಒಡೆದರೆ ಬಾಗಿಲು ತೆರೆಯಲು ನೀರು ಬಿಡುವುದಿಲ್ಲ, ಕಿಟಕಿಯೊಂದೇ ದಾರಿ. ಅರವತ್ತು ಚಳಿಗಾಲ ಆ ಸರೋವರದ ಮೇಲೆ ಓಡಾಡಿದ ಮನುಷ್ಯ ಬೆಲ್ಟು ಬಿಗಿದು, ಕಿಟಕಿ ಮುಚ್ಚಿ, ಅಡಿಯಲ್ಲಿ ನೀರು ಹರಿಯುವ ಹೌಕಿಸಲ್ಮಿಗೇ ಹೋದರೆ ಅದಕ್ಕೆ ಒಂದೇ ಅರ್ಥ.

ಆ ಅರ್ಥವನ್ನು ಕಾಗದದ ಮೇಲೆ ಬರೆದರೆ ಅದನ್ನು ಓದಬೇಕಾದವರು ಒಬ್ಬರಿದ್ದರು. ಗುರುವಾರ ದಡದಲ್ಲಿ, ಕಾರು ನೀರು ಸುರಿಸುತ್ತ ಮೇಲೆ ಬಂದಾಗ, ವಿಲ್ಹೊ ಅವರ ಹೆಂಡತಿ ಕೆರ್ತು ಅಳಲಿಲ್ಲ. ರೌನಿಯ ತೋಳು ಹಿಡಿದು ಒಂದೇ ಮಾತು ಕೇಳಿದ್ದರು: "ಬೇಕಂತಲೇ ಹೋದ್ರಾ? ನನ್ನ ಬಿಟ್ಟು?"

ಗೊತ್ತಿಲ್ಲ ಅತ್ತೆ, ಎಂದಿದ್ದಳು ರೌನಿ. ಬೇಲಿಯಾಚೆಯ ಮನೆಯಲ್ಲಿ ಹುಟ್ಟಿ ಬೆಳೆದವಳು; ಅವಳಿಗೆ ಕೆರ್ತು ಅತ್ತೆ, ವಿಲ್ಹೊ ಮಾವ. ನಿಯಮದ ಪ್ರಕಾರ ಈ ಪ್ರಕರಣ ಅವಳ ಕೈಗೆ ಬರಬಾರದಿತ್ತು. ನಿಯಮದ ಪ್ರಕಾರ ಆ ಜಿಲ್ಲೆಯ ಆ ಮೂಲೆಗೆ ಮೂರು ಜನ ಪೊಲೀಸರೂ ಇರಬೇಕಿತ್ತು.

"ಪ್ಲೇಟು ಹುಷಾರು," ಎಂದು ಆರ್ನೆಗೆ ಹೇಳಿ ಹೊರಟಳು. ಗ್ಯಾರೇಜಿನ ಮುಂದಿನ ಗಾಜಿನಂಥ ಮಂಜಿನ ಮೇಲೆ ಎರಡನೇ ಗೇರು ಹಾಕಿ, ಪಾದವನ್ನು ಅಳೆದು ಅಳೆದು ಎತ್ತಿದಳು. ಕಾರು ಬೇಸರದಿಂದೆಂಬಂತೆ ಚಲಿಸಿತು.

ದಾರಿಯುದ್ದಕ್ಕೂ ಅವಳು ಊರಿನ ಕಾಲುಗಳನ್ನೆಲ್ಲ ಎಣಿಸಿದಳು. ಪಾದ್ರಿಗಳು ಕ್ಲಚ್ಚನ್ನು ಪಾಪಿಯನ್ನು ಒದ್ದಂತೆ ಒದೆಯುತ್ತಾರೆ. ಅಂಚೆಯವನು ಅದರ ಮೇಲೆ ಪಾದ ಇಟ್ಟೇ ನಿದ್ದೆ ಮಾಡುತ್ತಾನೆ. ಆರ್ನೆಯದು ಒಳ್ಳೆಯ ಕಾಲು, ಆದರೆ ಆರ್ನೆ ಮೂರು ತಿಂಗಳು ಬೇರೆಯವರ ಕಾರು ಓಡಿಸಿದ್ದರೆ ಅಂಗಡಿಯ ಕಿಟಕಿಗೆ ಗೊತ್ತಾಗದೆ ಇರುತ್ತಿರಲಿಲ್ಲ. ಆ ಕಿಟಕಿಯಿಂದ ಕಂಡವರೆಲ್ಲ ಹೇಳಿದ್ದು ಒಂದೇ: ವಿಲ್ಹೊ ತಾವೇ ಓಡಿಸಿಕೊಂಡು ಬರುತ್ತಿದ್ದರು, ಪಕ್ಕದಲ್ಲಿ ಕೆರ್ತು, ಕೈಚೀಲ ತೊಡೆಯ ಮೇಲೆ.

ವಿಲ್ಹೊ ಅವರ ಮನೆಯ ಅಂಗಳದಲ್ಲಿ ಇಳಿದಾಗ ಒಳಗಿಂದ ಮಗ್ಗದ ಸದ್ದು ಕೇಳಿಸುತ್ತಿತ್ತು. ಟಕ್, ಒಂದು ಉಸಿರು, ಮತ್ತೆ ಟಕ್.

ರೌನಿ ಬೂಟು ಬಿಚ್ಚಿ ಒಳಗೆ ಬಂದಳು. ಕಾಫಿಯ ಪಾತ್ರೆ ಒಲೆಯ ಅಂಚಿಗಿತ್ತು, ಏಲಕ್ಕಿ ಬನ್ನಿನ ಮೇಲೆ ಬಟ್ಟೆ ಮುಚ್ಚಿತ್ತು. ದುಃಖದ ಮನೆಗೆ ಜನ ತಿಂಡಿ ತಂದುಕೊಡುವುದು ಅಲ್ಲಿಯ ರೂಢಿ. ಬನ್ನುಗಳು ಮೂರು ಬಗೆಯವು, ಮೂರು ಮನೆಯವು.

ಕೆರ್ತು ಮಗ್ಗದಿಂದ ಏಳಲಿಲ್ಲ. ಚಿಂದಿಬಟ್ಟೆಯ ಜಮಖಾನ ನೇಯುತ್ತಿದ್ದರು. ಪಟ್ಟೆಗಳೆಲ್ಲ ಒಂದೇ ನೀಲಿ. ಅದು ಯಾವ ನೀಲಿ ಎಂದು ಹೊಳೆಯಲು ರೌನಿಗೆ ಒಂದು ಕ್ಷಣ ಬೇಕಾಯಿತು. ಹಾಲಿನ ಡೇರಿಯ ಅಂಗಿಗಳು.

"ಇಷ್ಟು ಬೇಗ ಕತ್ತರಿಸಿಬಿಟ್ರಾ ಅತ್ತೆ?"

"ಕಪಾಟಿನಲ್ಲಿ ನೇತಾಡ್ತಿದ್ರೆ ಬಾಗಿಲು ತೆಗೆದಾಗೆಲ್ಲ ಒಳಗೆ ನಿಂತಿದಾರೇನೋ ಅನ್ಸುತ್ತೆ. ನೆಲದ ಮೇಲಾದ್ರೆ ದಿನಾ ಓಡಾಡ್ಬಹುದು." ಲಾಳಿ ಎಡದಿಂದ ಬಲಕ್ಕೆ ಹಾಯಿತು. "ಕಾಫಿ ಹಾಕ್ಕೊ. ಪಾದ್ರಿಗಳ ಹೆಂಡತಿ ತಂದ ಬನ್ನು ಮುಟ್ಬೇಡ, ಕಲ್ಲು."

ರೌನಿ ಕಾಫಿ ಹಾಕಿಕೊಳ್ಳಲಿಲ್ಲ. ಕೆರ್ತು ಅವರ ಕಾಲು ನೋಡುತ್ತಿದ್ದಳು. ಉಣ್ಣೆಯ ಕಾಲುಚೀಲದ ಎಡಪಾದ ಮಗ್ಗದ ಕೆಳಗಿನ ಪಟ್ಟಿಯನ್ನು ತುಳಿಯಿತು, ನೂಲೆಲ್ಲ ಬಾಯಿ ತೆರೆಯಿತು, ಲಾಳಿ ದಾಟಿತು. ಆಮೇಲೆ ಆ ಪಾದ ಪಟ್ಟಿಯನ್ನು ತಟ್ಟನೆ ಬಿಡಲಿಲ್ಲ. ಅರ್ಧದವರೆಗೆ ಬಂದು, ಅಲ್ಲೇ ತಡೆದು, ಎಲ್ಲಿ ಎಳೆತ ಸಡಿಲುತ್ತದೋ ಅಲ್ಲಿ ಮೆಲ್ಲಗೆ ಬಿಟ್ಟಿತು. ಒಂದು ಎಳೆಯೂ ಜಗ್ಗಲಿಲ್ಲ. ಐವತ್ತು ವರ್ಷದಿಂದ ಆ ಪಾದ ಮಾಡುತ್ತ ಬಂದ ಕೆಲಸ ಅದು.

"ಅತ್ತೆ, ನೀವು ಕಾರು ಯಾವಾಗ ಕಲಿತ್ರಿ?"

ಲಾಳಿ ನಡುವೆಯೇ ನಿಂತಿತು.

"ನಾನಾ? ನನಗೆ ಸೈಕಲ್ಲೇ ಸರಿಯಾಗಿ ಬರಲ್ಲ. ಊರೆಲ್ಲ ಗೊತ್ತಿರೋ ವಿಷಯ."

"ಊರಿಗೆ ಗೊತ್ತಿರೋದನ್ನ ನಾನು ಕೇಳ್ತಿಲ್ಲ. ಆರ್ನೆ ಕ್ಲಚ್ಚು ಬಿಚ್ಚಿದಾನೆ. ಹೊಸದರ ಹಾಗಿದೆ."

ಕೆರ್ತು ಎರಡೂ ಕೈಗಳನ್ನು ಮಡಿಲಿಗೆ ತಂದುಕೊಂಡರು. ಎಪ್ಪತ್ತೆರಡು ವರ್ಷದ ಮುಖದಲ್ಲಿ, ಇಂಥ ಹೊತ್ತಿನಲ್ಲಿ ಯಾರೂ ನಿರೀಕ್ಷಿಸದ ಒಂದು ಭಾವ ಹಾದುಹೋಯಿತು. ರೌನಿ ಅದನ್ನು ಸ್ಪಷ್ಟವಾಗಿ ಕಂಡಳು. ಅದು ಹೆಮ್ಮೆ.

"ನಿಜವಾಗ್ಲೂ ಹೊಸದರ ಹಾಗಿದೆಯಾ?"

"ನಂಬರ್ ಕೂಡ ಅಳಿಸಿಲ್ಲ."

"ಅವರಿಗೆ ಹೇಳ್ಬೇಕಿತ್ತು," ಎಂದರು ಕೆರ್ತು. ಆಮೇಲೆ ಆ ಹೆಮ್ಮೆ ಹೋಗಿ, ಅದು ಇದ್ದ ಜಾಗದಲ್ಲಿ ಏನೂ ಉಳಿಯಲಿಲ್ಲ.

ರೌನಿ ಸ್ಟೂಲು ಎಳೆದುಕೊಂಡು ಮಗ್ಗದ ಪಕ್ಕ ಕೂತಳು.

"ಕಣ್ಣು," ಎಂದರು ಕೆರ್ತು. "ಬೇಸಿಗೆಯಿಂದಲೇ ಶುರುವಾಗಿತ್ತು. ನಡುವೆ ಕಪ್ಪು, ಸುತ್ತ ಮಾತ್ರ ಕಾಣೋದು. ನನ್ನ ಮುಖ ನೋಡ್ಬೇಕು ಅಂದ್ರೆ ಕಿವಿ ಕಡೆ ನೋಡೋರು. ಆರೋಗ್ಯ ಕೇಂದ್ರದ ಡಾಕ್ಟ್ರು 'ಇನ್ಮೇಲೆ ಕಾರು ಓಡಿಸ್ಬೇಡಿ' ಅಂದ್ರು. 'ಇಲ್ಲ ಇಲ್ಲ, ಹೆಂಡತಿ ಓಡಿಸ್ತಾಳೆ' ಅಂದ್ಬಿಟ್ರು ಇವರು. ಆಗಿನ್ನೂ ನಾನು ಸ್ಟೀರಿಂಗ್ ಮುಟ್ಟಿರ್ಲಿಲ್ಲ. ಮನೆಗೆ ಬಂದು 'ಡಾಕ್ಟರಿಗೆ ಸುಳ್ಳು ಹೇಳಿದಂಗಾಗುತ್ತೆ, ಬಾ' ಅಂತ ಕೂರಿಸಿದ್ರು."

"ಲೈಸೆನ್ಸು?"

"ಈ ವಯಸ್ಸಲ್ಲಿ ಯಾರು ಕೊಡ್ತಾರೆ? ಹಿಡ್ಕೊಂಡು ಹೋಗ್ತೀಯಾ?"

"ಹೇಳಿ ಅತ್ತೆ."

"ನವೆಂಬರಲ್ಲಿ ಕ್ಲಚ್ಚು ಹಾಕಿಸಿದ ದಿನ ಹೇಳಿದ್ರು, 'ಇದು ನಿನ್ನದು, ನಾನು ಮಾಡಿದ್ದನ್ನ ಮಾಡ್ಬೇಡ. ಒಂದರಲ್ಲಿ ಹೊರಡು, ಕಾರಿನುದ್ದ ಹೋಗು, ಆಮೇಲೆ ಎರಡು. ಮಂಜಿದ್ರೆ ಮಾತ್ರ ಎರಡರಲ್ಲಿ.' ನಲವತ್ತೆಂಟು ವರ್ಷ ಜೊತೇಲಿದ್ದೆ, ತಾವು ಮಾಡ್ತಿದ್ದದ್ದು ತಪ್ಪು ಅಂತ ಅವರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ." ಕೆರ್ತು ನೀಲಿ ಪಟ್ಟೆಯನ್ನು ಅಂಗೈಯಿಂದ ಸವರಿದರು. "ಕ್ಲಚ್ಚು ಅಂದ್ರೆ ಏನು ಅಂತ ಕೇಳ್ದೆ. ನಿನ್ನ ಮಗ್ಗ ಅಂದ್ಕೊ ಅಂದ್ರು. ಆಮೇಲೆ ಏನೂ ಹೇಳ್ಬೇಕಾಗ್ಲಿಲ್ಲ."

"ಊರಿನೋರು ಎಲ್ಲ ಮಾವ ಓಡಿಸ್ತಿದ್ರು ಅಂತಾರಲ್ಲ."

"ಹಾಲಿನ ಕ್ಯಾನು ಇಡೋ ಹಳೇ ಕಟ್ಟೆ ಇದೆಯಲ್ಲ, ಅಂಗಡಿಗಿಂತ ಇನ್ನೂರು ಮೀಟರ್ ಮೊದಲು. ಅಲ್ಲಿ ನಿಲ್ಲಿಸೋದು, ಜಾಗ ಬದಲಾಯಿಸ್ಕೊಳ್ಳೋದು. ಇಂಜಿನ್ ನಿಲ್ಲಿಸ್ತಿರ್ಲಿಲ್ಲ, ಇಳುಕಲು, ತಾನೇ ಉರುಳುತ್ತೆ, ಒಂದೇ ದಾರಿ. ರಸ್ತೆ ಅಂಚಿನ ಹಿಮದ ಗೋಡೆ ಅವರಿಗೆ ಕಾಣ್ತಿತ್ತು. ನಾನು 'ಬಲಕ್ಕೆ, ಸ್ವಲ್ಪ, ಸಾಕು' ಅಂತ ತುಟಿ ಆಡಿಸದೆ ಹೇಳ್ತಿದ್ದೆ. ಅಂಗಡಿ ಮುಂದೆ ರಾಜನ ಹಾಗೆ ಇಳಿಯೋರು. ವಾಪಸ್ಸು ಬರೋವಾಗ ಕಟ್ಟೆ ಹತ್ರ ಮತ್ತೆ ಬದಲು. 'ವಿಲ್ಹೊ ಮುದುಕನಾದ ಮೇಲೆ ಕಾರು ಹೊರಡಿಸೋದು ಕಲಿತ' ಅಂತ ಜನ ಆಡ್ಕೊಂಡ್ರಂತೆ. ಅಂಗಡಿ ಮುಂದೆ ಮಂಜಿದ್ದಿದ್ರಿಂದ ಇಂಜಿನ್ನು ನರಳ್ತಿರ್ಲಿಲ್ಲ ಅಷ್ಟೆ."

ರೌನಿಗೆ ನಗು ಬಂತು. ಕೆರ್ತು ಅವರಿಗೂ ಬಂತು. ಎರಡೂ ಒಂದೇ ಹೊತ್ತಿಗೆ ನಿಂತವು.

"ನನಗೆ ಯಾಕೆ ಮೊದಲೇ ಹೇಳ್ಲಿಲ್ಲ?"

"ಮೂವತ್ನಾಕು ವರ್ಷ ಒಂದು ದಿನ ತಪ್ಪದೆ ಹಾಲು ಹೊತ್ತೋರು. ಕಣ್ಣಿದ್ದೋರು ಅಂತಲೇ ಊರು ಅವರನ್ನ ಮಣ್ಣು ಮಾಡ್ಲಿ ಅಂತ." ಕೆರ್ತು ತಲೆ ತಗ್ಗಿಸಿದರು. "ಆಮೇಲೆ ಇನ್ನೊಂದು. ಕಾಣ್ತಿರ್ಲಿಲ್ಲ ಅಂತ ಗೊತ್ತಾದ್ರೆ ನಿಮ್ಮ ಸಾಹೇಬ್ರು ಇನ್ನೂ ಬೇಗ ಬರೆದುಬಿಡ್ತಾರೆ. ಕಣ್ಣು ಹೋಯ್ತು, ಬೇಸರ ಆಯ್ತು, ಹೋದ. ಮಂಗಳವಾರ ನಾನು ಬೆಳಿಗ್ಗೆಯಿಂದ ಚರ್ಚಿನ ಅಡುಗೆಮನೇಲಿ ಬೇಯಿಸ್ತಿದ್ದೆ. ಕಾರಿನ ಕೀಲಿ ಬಾಗಿಲ ಹಿಂದಿನ ಮೊಳೆಗೇ ಬಿಟ್ಟು ಹೋಗಿದ್ದೆ."

ಚರ್ಚಿನ ಅಡುಗೆಮನೆಯ ವಿಷಯವನ್ನು ರೌನಿ ಆಗಲೇ ಪರಿಶೀಲಿಸಿದ್ದಳು. ಜೊತೆಗೆ ಹನ್ನೊಂದು ಹೆಂಗಸರಿದ್ದರು. ಹನ್ನೊಂದು ಹೆಂಗಸರು ಒಂದೇ ಸುಳ್ಳಿಗೆ ಒಪ್ಪಿಕೊಂಡ ಇತಿಹಾಸ ಆ ಊರಿಗಿಲ್ಲ.

"ಇಲ್ಲಿಂದ ಕೆರೆ ದಡಕ್ಕೆ ನಾಕು ಕಿಲೋಮೀಟರು," ಎಂದರು ಕೆರ್ತು. "ಮೂರು ತಿರುವು. ಎಲ್ಲ ಬಾಯಿಪಾಠ ಅವರಿಗೆ. ಮೆಲ್ಲಗೆ, ಹಿಮದ ಗೋಡೆ ನೋಡ್ಕೊಂಡು ಹೋಗಿರ್ತಾರೆ. ಹಾಗೆ ಕಷ್ಟಪಟ್ಟು ಹೋಗಿದಾರೆ ಅಂದ್ರೆ... ನಾನು ಓಡಿಸೋದು ಅವರಿಗೆ ಅಷ್ಟು ಹಿಂಸೆ ಆಗಿತ್ತಾ ರೌನಿ? ಒಂದು ದಿನಾನೂ ಹೇಳ್ಲಿಲ್ಲ."

ವಾರದಿಂದ ಈ ಹೆಂಗಸು ಕಾಫಿ ಕಾಯಿಸುತ್ತ, ಬನ್ನು ತಂದವರಿಗೆ ಧನ್ಯವಾದ ಹೇಳುತ್ತ, ಅಂಗಿ ಕತ್ತರಿಸುತ್ತ ಹೊತ್ತಿದ್ದ ಭಾರ ಯಾವುದೆಂದು ರೌನಿಗೆ ಈಗ ತಿಳಿಯಿತು.

"ಅತ್ತೆ, ಇಲ್ಲಿ ಕೇಳಿ. ಮಾವ ಈ ಅಂಗಳದಿಂದ ಕಾರು ತೆಗ್ದಿಲ್ಲ."

"ಏನು?"

"ಅವರೊಬ್ಬರೇ ಇದ್ದಿದ್ರೆ ಯಾವ ಗೇರಲ್ಲಿ ಹೊರಡ್ತಿದ್ರು?"

ಕೆರ್ತು ಯೋಚಿಸಬೇಕಾಗಲಿಲ್ಲ. "ಎರಡು. ನನಗೆ ಏನಾದ್ರೂ ಹೇಳ್ಲಿ, ಅವರ ಕೈ ಹೋಗೋದು ಎರಡಕ್ಕೇ."

"ನಿಮ್ಮ ಅಂಗಳದ ಏರಿನಲ್ಲಿ ಮರಳಿದೆ. ಇಲ್ಲಿ ಎರಡರಲ್ಲಿ ಹತ್ತಿಸಿದ್ರೆ ಕ್ಲಚ್ಚು ಸುಡುತ್ತೆ, ಒಳಗಿನ ಚಕ್ರದ ಮೇಲೆ ಕಲೆ ಬೀಳುತ್ತೆ. ಕಲೆ ಇಲ್ಲ. ಒಂದೂ ಇಲ್ಲ. ಕಾರನ್ನ ಇಲ್ಲಿಂದ ತೆಗೆದದ್ದು ಬೇರೆ ಯಾರೋ. ಮಾವನ್ನ ಪಕ್ಕದಲ್ಲಿ ಕೂರಿಸ್ಕೊಂಡು ದಡದವರೆಗೆ ಹೋಗಿದಾರೆ. ಅಲ್ಲಿ ಜಾಗ ಬದಲಾಯಿಸಿದಾರೆ. ನೀವು ಕಟ್ಟೆ ಹತ್ರ ಮಾಡ್ತಿದ್ದ ಹಾಗೆ."

"ಯಾಕೆ?"

"ಕೆರೆ ಮೇಲೆ ಡಿಕ್ಕಿ ಹೊಡೆಯೋಕೆ ಏನೂ ಇಲ್ಲ. ಕಾಣದವರೂ ಓಡಿಸಬಹುದು. ಪಕ್ಕದಲ್ಲಿ ದಾರಿ ಹೇಳೋರು ಒಬ್ಬರಿದ್ರೆ ಸಾಕು. ಪಕ್ಕದ ಸೀಟಿನ ಕಿಟಕಿ ಇಳಿಸಿತ್ತು ಅತ್ತೆ. ಚಳೀಲಿ ಅದೊಂದೇ ಸಾಕು ಅಂತ ಮಾವ ತಮ್ಮ ಕಡೇದು ಇಳಿಸದೆ ಬಿಟ್ಟಿರ್ಬಹುದು. ಆ ಕಡೆ ಬೆಲ್ಟು ಬಿಚ್ಚಿತ್ತು. ಅಲ್ಲಿ ಕೂತಿದ್ದೋರು ಈಚೆ ಬಂದಿದಾರೆ."

ಕೆರ್ತು ಅವರ ಭುಜಗಳು ಇಳಿದವು, ಯಾರೋ ಹಿಂದಿನಿಂದ ಹೊರೆ ಇಳಿಸಿಕೊಂಡ ಹಾಗೆ.

"ಹಾಗಾದ್ರೆ ಬಿಟ್ಟು ಹೋಗ್ಲಿಲ್ಲ."

"ಬಿಟ್ಟು ಹೋಗ್ಲಿಲ್ಲ ಅಂತಲೇ ನನಗನಿಸುತ್ತೆ. ಒಂದೇ ಒಂದು ಅಡ್ಡ ಬರ್ತಿದೆ. ಸಾಹೇಬ್ರು ಹಿಡ್ಕೊಂಡಿರೋದೂ ಅದನ್ನೇ. ಬೆಲ್ಟು. ಮಂಜಿನ ಮೇಲೆ ಮಾವ ಯಾಕೆ ಬೆಲ್ಟು ಕಟ್ಕೊಂಡಿದ್ರು?"

ಕೇಳಿದ ಮರುಕ್ಷಣವೇ ಆ ಪ್ರಶ್ನೆಯನ್ನು ವಾಪಸ್ಸು ನುಂಗುವಂತಿದ್ದರೆ ಎನ್ನಿಸಿತು ರೌನಿಗೆ. ಕೆರ್ತು ಅವರ ಮುಖ ಮಂಜಿನಂತೆ ಬಿಳಿಚಿತ್ತು.

"ನಾನು," ಎಂದರು. "ನಾನೇ ಕಟ್ಟಿಸ್ತಿದ್ದೆ. ಅವರು ಜನ್ಮದಲ್ಲಿ ಕಟ್ಟಿದೋರಲ್ಲ. ನನಗೆ ಭಯ, ಹೊಸಬಳು, ಎಲ್ಲಾದ್ರೂ ಗುದ್ದಿದ್ರೆ ಅಂತ. 'ಬೆಲ್ಟು ಹಾಕ್ಕೊಳ್ಳೋ ತನಕ ನಾನು ಹೊರಡಲ್ಲ' ಅಂತಿದ್ದೆ. ಮೊದಮೊದಲು ಬೈಯೋರು. ಆಮೇಲೆ ಕೂತ ತಕ್ಷಣ ತಾವೇ ಎಳೆದು ಹಾಕ್ಕೊಳ್ಳೋರು. ಚಟಕ್ ಅಂತ ಸದ್ದು ಬಂದ್ಮೇಲೆ 'ಅಮ್ಮಾವ್ರೇ, ಆಯ್ತಾ?' ಅನ್ನೋರು. ಮೂರು ತಿಂಗಳಲ್ಲಿ ಕೈಗೆ ಅಭ್ಯಾಸ ಆಗ್ಬಿಟ್ಟಿತ್ತು ರೌನಿ. ಜಾಗ ಬದಲಾಯಿಸಿದಾಗ್ಲೂ ಹಾಕ್ಕೊಳ್ಳೋರು. ನಾನು ಕಲಿಸಿದ್ದು."

ರೌನಿ ಎದ್ದು ಅವರ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಅತ್ತೆಯ ಕೂದಲಿನಲ್ಲಿ ಏಲಕ್ಕಿಯ ವಾಸನೆಯಿತ್ತು. ಅಳು ತಡವಾಗಿ ಬಂತು, ಸದ್ದಿಲ್ಲದೆ ಬಂತು. ಮಗ್ಗದ ನೂಲುಗಳು ಅದಕ್ಕೆ ಸಣ್ಣಗೆ ನಡುಗಿದವು.

ಪೊಲೀಸಿನವಳು ಕೇಳಲೇಬೇಕಾದ ಪ್ರಶ್ನೆ ಇನ್ನೂ ಉಳಿದಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು.

"ಅತ್ತೆ, ಮಾವನಿಗೆ ಕಾಣಲ್ಲ ಅಂತ ಗೊತ್ತಿದ್ದೋರಿಗೆ ಮಾತ್ರ ಅವರನ್ನ ಹಾಗೆ ಕರ್ಕೊಂಡು ಹೋಗೋಕೆ ಆಗೋದು. ಡಾಕ್ಟ್ರು ಬಿಟ್ರೆ ಯಾರಿಗೆ ಗೊತ್ತಿತ್ತು?"

"ಯಾರಿಗೂ ಗೊತ್ತಿರ್ಲಿಲ್ಲ."

"ಯೋಚನೆ ಮಾಡಿ."

ಕೆರ್ತು ಏಪ್ರನ್ನಿನ ಅಂಚಿನಿಂದ ಮುಖ ಒರೆಸಿಕೊಂಡರು. "ಮುಂದಕ್ಕೆ ಓಡಿಸೋದೆಲ್ಲ ಅವರೇ ಕಲಿಸಿದ್ರು. ಹಿಂದಕ್ಕೆ ತೆಗೆಯೋದು ಮಾತ್ರ ಆಗ್ಲಿಲ್ಲ. ಹಿಂದೆ ನೋಡಿ ಹೇಳ್ಬೇಕಲ್ಲ, ಅವರಿಗೆ ಕಾಣ್ಬೇಕಲ್ಲ. ಎರಡು ಸಲ ಬೇಲಿ ಮುರಿದೆ. ಆಮೇಲೆ ಅವರೇ ಒಬ್ಬನ್ನ ಕರೆಸಿದ್ರು. ಡಿಸೆಂಬರಲ್ಲಿ, ನಾಕು ಭಾನುವಾರ ಬಂದ. ತುಂಬ ತಾಳ್ಮೆ. ಯಾರಿಗೂ ಹೇಳಲ್ಲ ಅಂತ ಅವರ ಕೈ ಹಿಡಿದು ಮಾತು ಕೊಟ್ಟ. ಕೊಟ್ಟ ಮಾತು ಉಳಿಸ್ಕೊಂಡ."

"ಯಾರು?"

"ಇನ್ಯಾರು. ಆರ್ನೆ."

ರೌನಿಯ ಕಣ್ಣಮುಂದೆ ಗ್ಯಾರೇಜಿನ ಕಿಟಕಿ ಬಂತು. ಪ್ಲೇಟನ್ನು ಬೆಳಕಿಗೆ ಹಿಡಿದು, ಇಷ್ಟು ಮೆತ್ತನೆ ಕಾಲು ಕಂಡಿಲ್ಲ ಎಂದು ಬೆರಗಾಗಿದ್ದ ಆ ಮನುಷ್ಯ. ಆ ಕಾಲಿಗೆ ರಿವರ್ಸ್ ಕಲಿಸಿದವನೇ ಅವನು. ಯಾರೂ ಕೇಳದೆ ಕ್ಲಚ್ಚು ಬಿಚ್ಚಿದವನೂ ಅವನೇ. ತಪ್ಪು ಮಾಡಿದವನು ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಬಿಚ್ಚಿ, ಒರೆಸಿ, ಬೆಂಚಿನ ಮೇಲಿಡುತ್ತಾನೆಯೇ? ಅಥವಾ ಆ ಪ್ಲೇಟು ಬೇರೊಬ್ಬರ ಕಾಲಿನ ಕಡೆಗೆ ಬೆರಳು ತೋರಿಸಲೆಂದೇ ಬಿಚ್ಚಿದ್ದೇ?

"ಅತ್ತೆ, ಈ ವಾರ ಅವನೇನಾದ್ರೂ ಇಲ್ಲಿಗೆ..."

"ದಿನಾ ಬರ್ತಾನೆ. ಸೌದೆ ತರ್ತಾನೆ. ಕೂರಲ್ಲ, ಕಾಫೀನೂ ಕುಡಿಯಲ್ಲ. ಸೌದೆ ಜೋಡಿಸಿ ಹೊರಟುಹೋಗ್ತಾನೆ. ಇಷ್ಟು ಹೊತ್ತಿಗೆ ಬರ್ಬೇಕು."

ಅಂಗಳದಲ್ಲಿ ಹಿಮ ಕಿರುಗುಟ್ಟಿತು. ಪಿಕಪ್ಪಿನ ಬಾಗಿಲು ತೆರೆದುಕೊಂಡಿತು. ಸೌದೆ ಕೊರಡುಗಳು ಒಂದರ ಮೇಲೊಂದು ಬೀಳುವ ಸದ್ದು, ಆಮೇಲೆ ಹೊಸ್ತಿಲಲ್ಲಿ ಬೂಟು ಕೊಡವುವ ಸದ್ದು.

ರೌನಿ ಬಾಗಿಲಿಗೂ ಕೆರ್ತು ಅವರಿಗೂ ನಡುವೆ ಬಂದು ನಿಂತಳು. "ನಾನು ಮಾತಾಡ್ತೀನಿ," ಎಂದಳು ಮೆಲ್ಲಗೆ. "ನೀವೇನೂ ಹೇಳ್ಬೇಡಿ."

ಆರ್ನೆ ಕಾಲುಚೀಲದಲ್ಲಿ ಒಳಗೆ ಬಂದ. ತೋಳಿನ ತುಂಬ ಬರ್ಚ್ ಮರದ ಸೌದೆ. ರೌನಿಯನ್ನು ಕಂಡು ನಿಂತ. ಅವಳ ಹಿಂದಿದ್ದ ಕೆರ್ತು ಅವರ ಒದ್ದೆ ಮುಖ ಕಂಡ. ಸೌದೆಯನ್ನು ಕೆಳಗಿಡಲೂ ಇಲ್ಲ, ಹಿಂದೆ ತಿರುಗಲೂ ಇಲ್ಲ.

ಕೆರ್ತು ರೌನಿಯ ಭುಜವನ್ನು ಪಕ್ಕಕ್ಕೆ ಸರಿಸಿದರು. ಬೈಯಲಿಲ್ಲ. ಹೇಗೆ, ಏಕೆ ಎಂದು ಕೇಳಲಿಲ್ಲ. ಪೊಲೀಸರು ವಾರಗಟ್ಟಲೆ ಸುತ್ತಿ ತಲುಪುವ ಕಡೆಗೆ ಆಕೆ ಒಂದೇ ಹೆಜ್ಜೆಯಲ್ಲಿ ಹೋಗಿ ನಿಂತರು.

"ಆರ್ನೆ," ಎಂದರು. "ಕೊನೇಲಿ ನನ್ನ ಹೆಸರು ಹೇಳಿದ್ರಾ ಅವರು?"

ತೋಳಿನಿಂದ ಒಂದು ಸೌದೆ ಜಾರಿ ನೆಲಕ್ಕೆ ಬಿತ್ತು. ಯಾರೂ ಅದನ್ನು ನೋಡಲಿಲ್ಲ.

"ಎರಡು ಸಲ," ಎಂದ ಆರ್ನೆ.